ಆಮೆನ್ನಿನ ನಡುವೆ ಒಂದು ಭೇಷ್

ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವಾಗಲೇ ಇವತ್ತು ಗಂಟಲು ಸರಿಯಿಲ್ಲವೆಂದು ಯೋಗಾನರಸಿಂಹನಿಗೆ ಗೊತ್ತಾಯಿತು. ಸರಿಯಿಲ್ಲವೆಂದರೆ ನೋವಲ್ಲ, ಕೆರೆತವಲ್ಲ, ನೆಗಡಿಯೂ ಅಲ್ಲ. ಬಹಳ ಹಗುರವಾಗಿತ್ತು. ಬೇರೆಯವರಾದರೆ ಪುಣ್ಯ ಅಂದುಕೊಳ್ಳುವಂಥ ಹಗುರ. ಅವನಿಗೆ ಮಾತ್ರ ಅದು ಕೈಕೊಡುವ ಲಕ್ಷಣ. ಹಾಸನದ ಕಾಲೇಜೊಂದರಲ್ಲಿ ಇಂಗ್ಲಿಷ್ ಹೇಳಿಕೊಡುವ, ಬೀದಿಯಲ್ಲಿ ನಡೆದರೆ ನಾಲ್ಕು ಜನ ಕೈಮುಗಿಯುವ, ನಲವತ್ತೇಳು ವರ್ಷದ ಈ ಮನುಷ್ಯನಿಗೆ ಎರಡು ದನಿಗಳಿದ್ದವು. ಒಂದು ದೇವರು ಕೊಟ್ಟದ್ದು: ಹೆಂಗಸರ ದನಿಯ ಹಾಗೆ ಮೇಲಿನದು, ತೆಳ್ಳಗಿನದು. ಇನ್ನೊಂದನ್ನು ಅವನೇ ಹದಿನೇಳನೆಯ ವಯಸ್ಸಿನಲ್ಲಿ ಹೊಳೆನರಸೀಪುರದ ಹೇಮಾವತಿ ದಂಡೆಯಲ್ಲಿ, ಯಾರೂ ಇಲ್ಲದ ಹೊತ್ತು ನೋಡಿಕೊಂಡು, ಗದ್ದವನ್ನು ಎದೆಗೊತ್ತಿ ಹೊಟ್ಟೆಯಿಂದ ಎಳೆದೆಳೆದು ಕಟ್ಟಿಕೊಂಡಿದ್ದ. ಮೂವತ್ತು ವರ್ಷ ಉಜ್ಜಿ ಉಜ್ಜಿ ಆ ದಪ್ಪ ದನಿಗೆ ಹಿತ್ತಾಳೆ ಕೊಳಗದ ಹೊಳಪು ಬಂದಿತ್ತು. ತೊಂದರೆ ಒಂದೇ, ಸಂಜೆ ನಾಲ್ಕರ ಹೊತ್ತಿಗೆ ಗಂಟಲು ಸೋಲುತ್ತಿತ್ತು. ಹಾಗಾಗಿ ಅವನು ಕಡಿಮೆ ಮಾತಾಡುತ್ತಿದ್ದ. ಕಡಿಮೆ ಮಾತಾಡುವುದರಿಂದ ತೂಕದ ಮನುಷ್ಯನೆಂದು ಹೆಸರಾಗಿತ್ತು. ಸ್ಟಾಫ್ ರೂಮಿನಲ್ಲಿ ಜಗಳ ಹತ್ತಿದರೆ ನ್ಯಾಯ ಹೇಳಲು ಅವನನ್ನೇ ಕೂರಿಸುತ್ತಿದ್ದರು. ಅವನು ಗಂಟಲು ಉಳಿಸಿಕೊಳ್ಳಲು ಹೂಂ ಅಂದರೆ, ಆ ಹೂಂನಲ್ಲಿ ಏನೋ ಇದೆಯೆಂದು ಎರಡು ಕಡೆಯವರೂ ಯೋಚನೆ ಮಾಡುತ್ತ ಎದ್ದುಹೋಗುತ್ತಿದ್ದರು.

ಈ ಗುಟ್ಟು ತಿಳಿದಿದ್ದವಳು ಹೆಂಡತಿ ರಂಗನಾಯಕಿ ಒಬ್ಬಳೇ. ಅವಳೂ ಇಪ್ಪತ್ತು ವರ್ಷದಲ್ಲಿ ಅದರ ಮಾತೆತ್ತಿದ್ದು ಒಂದೇ ಸಲ, ನಿದ್ದೆಯಲ್ಲಿ ನೀವು ಬಹಳ ಚೆನ್ನಾಗಿ ಮಾತಾಡ್ತೀರಿ ಅಂತ. ಅವನು ಆಮೇಲೆ ಒಂದು ವಾರ ಮಗ್ಗುಲಾಗಿ ಮಲಗಿದ್ದ. ಒಂದು ಭಾನುವಾರದ ಮಧ್ಯಾಹ್ನ ಜೊಂಪಿನಿಂದ ಎದ್ದು ಫೋನೆತ್ತಿ ಹಲೋ ಅಂದರೆ ಆ ಕಡೆಯಿಂದ ಪ್ರಿನ್ಸಿಪಾಲರು, ‘ನಮಸ್ಕಾರಮ್ಮ, ಮೇಷ್ಟ್ರಿಲ್ವೇ?’ ಅಂದಿದ್ದರು. ಇವನು ಎರಡನೆಯ ಯೋಚನೆಯಿಲ್ಲದೆ ‘ಇರಿ, ಕರೀತೀನಿ’ ಅಂದು, ರಿಸೀವರನ್ನು ಮೇಜಿನ ಮೇಲಿಟ್ಟು, ಅಡುಗೆಮನೆಯವರೆಗೆ ಸದ್ದಾಗುವ ಹಾಗೆ ನಡೆದುಹೋಗಿ, ನೀರು ಕುಡಿದು, ಸದ್ದಾಗುವ ಹಾಗೆ ವಾಪಸ್ಸು ಬಂದು, ಗದ್ದ ಇಳಿಸಿ ‘ಹೇಳಿ ಸಾರ್’ ಅಂದಿದ್ದ. ನಿಮ್ಮ ಮನೆಯವರದು ಎಷ್ಟು ಒಳ್ಳೆಯ ದನಿ ಎಂದು ಅವರು ಹೊಗಳಿದ್ದಕ್ಕೆ ಥ್ಯಾಂಕ್ಸ್ ಬೇರೆ ಹೇಳಿದ್ದ. ಈಗ ಕಾಫಿ ಲೋಟ ಹಿಡಿದು ಅದನ್ನೆಲ್ಲ ಯಾಕೆ ನೆನೆಸಿಕೊಳ್ಳುತ್ತಿದ್ದೇನೆ ಎಂದು ಸಿಟ್ಟು ಬಂತು. ಇವತ್ತು ಕೊನೆಯ ದಿನವಲ್ಲವೇ, ನಾನೂ ಬಂದು ಕೇಳಲೇ ಎಂದು ರಂಗನಾಯಕಿ ಕೇಳಿದಳು. ಬಳೆ ಸದ್ದಾಗುತ್ತದೆ ಎಂದ. ಬಳೆ ತೆಗೆದಿಟ್ಟು ಕೇಳುವಂಥ ಹಾಡು ನನಗೆ ಬೇಡಪ್ಪ ಎಂದು ಅವಳು ನಕ್ಕು ಒಳಗೆ ಹೋದಳು. ಅವಳು ಬಂದರೆ ತನ್ನ ಮುಖ ನೋಡಿಯೇ ಏನಾದರೂ ಕಂಡುಹಿಡಿಯುತ್ತಾಳೆಂಬ ಹೆದರಿಕೆ ಇತ್ತು ಅವನಿಗೆ, ಬಳೆಯದು ನೆಪ.

ಜೀಪು ಅರಕಲಗೂಡು ರಸ್ತೆಯಲ್ಲಿ ಹೋಗುತ್ತಿದ್ದಾಗ ಎರಡೂ ಕಡೆ ಹೊಲದ ಮೇಲೆ ಜನವರಿಯ ಮಂಜು ಇನ್ನೂ ಎದ್ದಿರಲಿಲ್ಲ. ಇದೆಲ್ಲ ಜಯಂತನಿಂದ ಆದದ್ದು. ಜಯಂತ ಅವನ ಹಳೆಯ ವಿದ್ಯಾರ್ಥಿ, ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆಯಲ್ಲಿ ಹೆದ್ದಾರಿ ಪಕ್ಕದ ಹೋಟೆಲಿನವರ ಮಗ. ಹುಟ್ಟಿದಾಗಿನಿಂದ ಲಾರಿ ಹಾರನ್ನು, ಬಸ್ಸಿನವರ ಕೂಗು, ದೋಸೆಕಲ್ಲಿನ ಚುಂಯ್ ಕೇಳಿ ಬೆಳೆದವನಿಗೆ ನಿಶ್ಶಬ್ದದ ಹುಚ್ಚು ಹತ್ತಿ, ಧ್ವನಿಮುದ್ರಣ ಕಲಿತು, ಬೆಂಗಳೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ. ಕಚೇರಿ ಮಾಡಲು ಬೆಂಗಳೂರಿಗೆ ಬಂದಿದ್ದ ಐದು ಜನ ಬಿಳಿಯರ ಒಂದು ಮೇಳಕ್ಕೆ, ನಮ್ಮ ಜಿಲ್ಲೆಯಲ್ಲೊಂದು ಹಳೆಯ ಕಲ್ಲಿನ ಚರ್ಚಿದೆ, ಒಳಗೆ ಚಪ್ಪಾಳೆ ತಟ್ಟಿದರೆ ಸದ್ದು ಮೂರು ಸೆಕೆಂಡು ನಿಲ್ಲುತ್ತದೆ ಎಂದು ಆಸೆ ಹತ್ತಿಸಿ ಕರೆತಂದಿದ್ದ. ಎರಡು ಪಿಟೀಲು, ಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲೊಂದು, ಒತ್ತಿದರೆ ವೀಣೆ ಮೀಟಿದ ಹಾಗೆ ಕೇಳಿಸುವ ಹಾರ್ಪ್ಸಿಕಾರ್ಡ್ ಎಂಬ ಮರದ ಪೆಟ್ಟಿಗೆ. ಈ ಪೆಟ್ಟಿಗೆ ಬೆಂಗಳೂರಿನಿಂದ ಲಾರಿಯಲ್ಲಿ ನಾಲ್ಕು ಹಾಸಿಗೆಗಳ ನಡುವೆ ಮಲಗಿಕೊಂಡು ಬಂದಿತ್ತು. ಐದನೆಯವನು ಹಾಡುಗಾರ ಆಡ್ರಿಯನ್. ಮುನ್ನೂರು ವರ್ಷ ಹಿಂದಿನ, ದೇವರ ಮೇಲಿನ ಹಾಡುಗಳು. ಜಯಂತನಿಗೆ ಈ ಊರಿನವರಿಗೂ ಅವರಿಗೂ ನಡುವೆ ಮಾತು ದಾಟಿಸುವವರು ಬೇಕಾಗಿತ್ತು; ಅದಕ್ಕಿಂತ ಹೆಚ್ಚಾಗಿ ಸುತ್ತ ಮುತ್ತ ಅರ್ಧ ಮೈಲಿ ಯಾರೂ ಕಮಕ್ ಕಿಮಕ್ ಅನ್ನದಂತೆ ನೋಡಿಕೊಳ್ಳುವ ಗಂಭೀರ ಮನುಷ್ಯರೊಬ್ಬರು ಬೇಕಾಗಿತ್ತು. ‘ಸಾರ್, ನೀವು ಮೌನದ ಇನ್‌ಚಾರ್ಜು’ ಅಂದಿದ್ದ. ಯೋಗಾನರಸಿಂಹ ಆ ಕೆಲಸವನ್ನು ಪರೀಕ್ಷಾ ಮೇಲ್ವಿಚಾರಣೆಯ ಹಾಗೆ ನಡೆಸಿದ. ಪಕ್ಕದ ಹೊಲದ ಚನ್ನಪ್ಪನನ್ನು ಕರೆಸಿ, ಕರೆಂಟು ಬರುವುದೇ ಹನ್ನೊಂದರಿಂದ ಎರಡು, ಆಗ ಮೋಟಾರು ಹಾಕದಿದ್ದರೆ ನನ್ನ ಬೀನ್ಸು ಏನಾಗಬೇಕು ಎಂದು ಅವನು ಎಷ್ಟು ಗೋಗರೆದರೂ ಕೇಳದೆ, ಮೂರು ದಿನ ಸ್ವಿಚ್ಚಿನ ಹತ್ತಿರ ಹೋಗಕೂಡದೆಂದು ಮಾತು ತೆಗೆದುಕೊಂಡಿದ್ದ. ಒಂದು ಕೆಮ್ಮಿಗೆ ಮುನ್ನೂರು ವರ್ಷದ ಸಂಗೀತ ಹಾಳಾಗುತ್ತದಯ್ಯ ಎಂದು ಉಪದೇಶವನ್ನೂ ಮಾಡಿದ್ದ.

ಮೊದಲ ದಿನದ ನೆನಪಾದರೆ ಈಗಲೂ ಅವನ ಕಿವಿ ಬಿಸಿಯಾಗುತ್ತಿತ್ತು. ಆಡ್ರಿಯನ್ ಆರಡಿ ಎತ್ತರದ, ಕೆಂಪು ಗಡ್ಡದ, ಬಡಗಿಯ ಹಾಗೆ ದಪ್ಪ ಬೆರಳಿನ ಆಳು. ಮಾತಾಡಿದರೆ ಡಬ್ಬದಲ್ಲಿ ಕಲ್ಲು ಹೊರಳಿದಂಥ ದನಿ. ಅವನು ಎಳನೀರು ಕುಡಿದು, ಬಾಯೊರೆಸಿಕೊಂಡು, ಒಳಗೆ ಹೋಗಿ ಹಾಡಲು ಬಾಯಿ ತೆರೆದಾಗ ಹೆಣ್ಣಿನ ಸ್ಥಾಯಿ ಬಂತು. ಹೆಣ್ಣಿನದೂ ಅಲ್ಲ, ಹುಡುಗರದೂ ಅಲ್ಲ, ಸುಮ್ಮನೆ ಮೇಲಿನದು, ಯಾರಿಗೂ ಹೆದರದ್ದು. ಗಂಡಸು ಹೀಗೆ ಹಾಡುವುದಕ್ಕೆ ಅವರಲ್ಲಿ ಕೌಂಟರ್‌ಟೆನರ್ ಅನ್ನುತ್ತಾರೆ ಎಂದು ಜಯಂತ ಹೇಳಿದ. ಅದಕ್ಕೊಂದು ಹೆಸರಿದೆಯೆಂಬುದೇ ಯೋಗಾನರಸಿಂಹನಿಗೆ ಹೊಸದು. ತನ್ನದಕ್ಕೂ ಹೈಸ್ಕೂಲಿನಲ್ಲಿ ಒಂದು ಹೆಸರಿತ್ತು, ಯೋಗಮ್ಮ ಅಂತ. ಕಿಟಕಿಯಾಚೆ ನಿಂತಿದ್ದ ಚನ್ನಪ್ಪ ಮತ್ತು ಇನ್ನಿಬ್ಬರು ಕಿಸಕ್ಕೆಂದು ನಕ್ಕರು. ಅವರ ಬಾಯಿ ಮುಚ್ಚಿಸಬೇಕಾಗಿದ್ದವನು ಅವನೇ. ಆದರೆ ಆ ನಗು ಎಲ್ಲಿ ತನ್ನ ಕಡೆ ತಿರುಗುತ್ತದೋ ಎಂದು, ಅದು ತಿರುಗುವ ಮೊದಲೇ ಅದರ ಜೊತೆ ಸೇರಿಕೊಂಡುಬಿಟ್ಟ. ಅವರಿಗಿಂತ ದೊಡ್ಡದಾಗಿ, ಹೊಟ್ಟೆಯಿಂದ, ದಪ್ಪಗೆ ನಕ್ಕ. ಆಡ್ರಿಯನ್ ಹಾಡು ನಿಲ್ಲಿಸಿ ಕಿಟಕಿಯ ಕಡೆ ನೋಡಿ ತಾನೂ ನಕ್ಕ, ಅವನಿಗೆ ಇದೆಲ್ಲ ಕಂಡದ್ದೇ ಎಂಬ ಹಾಗೆ. ಮತ್ತೆ ಶುರು ಮಾಡಿದ. ಊಟದ ಹೊತ್ತಿನಲ್ಲಿ ಅದೇ ಡಬ್ಬದ ದನಿಯಲ್ಲಿ ಇನ್ನೆರಡು ಮುದ್ದೆ ಕೇಳಿದ. ಯೋಗಾನರಸಿಂಹನಿಗೆ ಅನ್ನ ಸೇರಲಿಲ್ಲ. ಈ ಮನುಷ್ಯ ಹಾಡಿಗೆ ಹತ್ತಿ ಹೋಗುತ್ತಾನೆ, ಮಾತಿಗೆ ಇಳಿದು ಬರುತ್ತಾನೆ, ಮನೆಯ ಮೆಟ್ಟಿಲು ಹತ್ತಿ ಇಳಿದಷ್ಟು ಸಲೀಸಾಗಿ. ತಾನು ಹದಿನೇಳರಲ್ಲಿ ಇಳಿದವನು ಅಲ್ಲೇ ಕೂತುಬಿಟ್ಟೆನಲ್ಲ ಎಂದು ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚಿನ ಜೊತೆಗೆ ವಿಚಿತ್ರವಾದ ಖುಷಿಯೂ ಆಯಿತು, ಅದನ್ನು ಯಾರಿಗೆ ಹೇಳುವುದೆಂದು ತಿಳಿಯಲಿಲ್ಲ.

ಆ ದಿನ ನಗದೆ ಉಳಿದವಳು ಬೆಟ್ಟಮ್ಮ. ಅರವತ್ತು ದಾಟಿದ ಹೆಂಗಸು, ಊರಿನ ಒಕ್ಕಲಿಗರ ಮನೆಯವಳು. ಚರ್ಚಿಗೆ ಬರುವವರು ವರ್ಷಕ್ಕೆ ನಾಲ್ಕು ಜನ, ಆದರೂ ಬೀಗದ ಕೈ ಅವಳ ಅತ್ತೆಯ ಕಾಲದಿಂದ ಅವರ ಮನೆಯಲ್ಲೇ ಇತ್ತು. ಅವಳು ಕಸ ಗುಡಿಸಿ, ಕಾಫಿ ಕಾಯಿಸಿ ಕೊಟ್ಟು, ಮೊದಲ ಹಾಡಿಗೇ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತವಳು ಏಳಲೇ ಇಲ್ಲ. ನಮ್ಮತ್ತೆ ಸೋಬಾನೆ ಎತ್ತಿದರೆ ಇದೇ ಎತ್ತರ ಎಂದು ಪಕ್ಕದಲ್ಲಿ ಕೂತಿದ್ದ ಯೋಗಾನರಸಿಂಹನಿಗೆ ಹೇಳಿದಳು. ಸದ್ದಾದೀತೆಂದು ಅವಳನ್ನು ಆಚೆ ಕಳಿಸಲು ಅವನು ಎದ್ದಾಗ ಆಡ್ರಿಯನ್ನೇ ಬೇಡವೆಂದ. ಖಾಲಿ ಗೋಡೆಗೆ ಹಾಡುವುದಕ್ಕಿಂತ ಒಬ್ಬರ ಮುಖಕ್ಕೆ ಹಾಡುವುದು ಸುಲಭ, ಅವರು ಇರಲಿ ಎಂದ. ಮೂರು ದಿನವೂ ಅವಳು ಉಸಿರು ಬಿಟ್ಟದ್ದು ಕೂಡ ಕೇಳಿಸಿರಲಿಲ್ಲ.

ಇವತ್ತು ಉಳಿದದ್ದು ಒಂದೇ ಹಾಡು, ಎಲ್ಲಕ್ಕಿಂತ ಕಷ್ಟದ್ದು. ಸಾಯಂಕಾಲ ಮೇಳ ಬೆಂಗಳೂರಿಗೆ ಹೊರಡಬೇಕಿತ್ತು. ಹಾಡಿನಲ್ಲಿ ಇದ್ದದ್ದು ಆಮೆನ್ ಎಂಬ ಒಂದು ಪದ. ಅದರ ಮೊದಲ ಅಕ್ಷರವನ್ನು ಹಿಡಿದುಕೊಂಡು ನಾಲ್ಕು ನಿಮಿಷ ಹೋಗಬೇಕು. ಜಯಂತ ಪಕ್ಕದ ಕೋಣೆಯಲ್ಲಿ ಯಂತ್ರದ ಮುಂದೆ ಕೂತ, ಕೆಂಪು ಬಲ್ಬು ಹತ್ತಿತು. ದೊಡ್ಡ ಪಿಟೀಲು ಒಂದೊಂದೇ ಹೆಜ್ಜೆ ಇಡುತ್ತ ನಡೆಯಿತು. ಅದರ ಮೇಲೆ ಆಡ್ರಿಯನ್‌ನ ‘ಆ’ ಎದ್ದಿತು. ಯೋಗಾನರಸಿಂಹ ಕಣ್ಣು ಮುಚ್ಚಿದ. ಮುಚ್ಚಬಾರದಾಗಿತ್ತು. ಕಣ್ಣು ಮುಚ್ಚಿದ್ದೇ ತಡ, ಹೊಳೆನರಸೀಪುರದ ಭಜನೆ ಮನೆಯ ಕಂಬ, ಕಂಬಕ್ಕೊರಗಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಅಪ್ಪ. ಅಪ್ಪನಿಗೆ ಹಾಡಲು ಬರುತ್ತಿರಲಿಲ್ಲ, ಕೇಳಲು ಬರುತ್ತಿತ್ತು. ದೊಡ್ಡ ದೊಡ್ಡ ವಿದ್ವಾಂಸರು ಸಂಗತಿ ಹಾಕಿ ಅಪ್ಪನ ಮುಖ ನೋಡುತ್ತಿದ್ದರು, ಭೇಷ್ ಬೀಳುತ್ತದೋ ಇಲ್ಲವೋ ಎಂದು. ಉಂಡವನು ಚೆನ್ನಾಗಿತ್ತು ಅನ್ನದೆ ಎದ್ದರೆ ಬಡಿಸಿದವಳಿಗೆ ಹೇಗಾಗಬೇಡ ಎಂದು ಅಪ್ಪ ಅನ್ನುತ್ತಿದ್ದ, ಭೇಷ್ ಅನ್ನುವುದನ್ನು ಮಗನಿಗೆ ಅಕ್ಷರಾಭ್ಯಾಸಕ್ಕೆ ಮೊದಲೇ ಕಲಿಸಿದ್ದ. ದನಿ ಮೇಲೆ ಹೋಗಿ ಸುತ್ತಿತು, ಒಂದೊಂದೇ ಮಣಿ ಪೋಣಿಸುತ್ತ ಇಳಿಯಿತು, ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಮುಟ್ಟದೆ, ಅಂಚಿನಲ್ಲಿ ಒಂದು ಕ್ಷಣ ನಿಂತು, ಯಾರೂ ಎಣಿಸದ ಕಡೆಯಿಂದ ತಿರುಗಿ ಸರಿಯಾದ ಜಾಗಕ್ಕೇ ಬಂದು ಕೂತಿತು. ಅವನ ಬಾಯಿಂದ ಭೇಷ್ ಹೊರಟುಹೋಯಿತು. ದಪ್ಪ ದನಿಗೆ ತಯಾರಿ ಬೇಕು, ಗದ್ದ ಇಳಿಸಬೇಕು, ಹೊಟ್ಟೆ ಬಿಗಿಹಿಡಿಯಬೇಕು. ಭೇಷ್ ಅಷ್ಟೆಲ್ಲ ಕಾಯುವ ಮಾತಲ್ಲ. ಅದು ಹದಿನೇಳು ವರ್ಷದವರೆಗೆ ಹೇಗೆ ಬರುತ್ತಿತ್ತೋ ಹಾಗೇ ಬಂದಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡ್ರಿಯನ್ ನಿಲ್ಲಿಸಲಿಲ್ಲ, ಕೊನೆಯವರೆಗೂ ಹೋದ. ಕೊನೆಯ ಸ್ವರ ಕಲ್ಲಿನ ಚಾವಣಿಯಲ್ಲಿ ಕರಗುವ ತನಕ ಎಲ್ಲರೂ ಬೊಂಬೆಗಳ ಹಾಗೆ ನಿಂತಿದ್ದು, ಆಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಪಿಟೀಲಿನ ಮಾರ್ಗರೆಟ್, ಮೇಳದ ಮುಖ್ಯಸ್ಥೆ, ಕಣ್ಣೊರೆಸಿಕೊಂಡಳು. ಯಾರಿಗೂ ಕೇಳಿಸಲಿಲ್ಲವೇನೋ, ತನ್ನೊಳಗೇ ಅಂದುಕೊಂಡೆನೇನೋ ಎಂದು ಯೋಗಾನರಸಿಂಹ ಅರ್ಧ ನಿಮಿಷ ಬದುಕಿದ. ಅಷ್ಟರಲ್ಲಿ ಜಯಂತ ಮುಖ ಸಪ್ಪಗೆ ಮಾಡಿಕೊಂಡು ಕೋಣೆಯಿಂದ ಬಂದು, ಒಂದು ದನಿ ಬಿದ್ದಿದೆ ಎಂದ. ಸ್ಪೀಕರಿನಲ್ಲಿ ಹಾಕಿ ಕೇಳಿಸಿದ. ಇಳಿದು ಬರುವ ಆ ಸಂಗತಿ, ಅಂಚು, ತಿರುವು, ಆಮೇಲೆ ಸ್ಪಷ್ಟವಾಗಿ, ಗಂಟೆ ಹೊಡೆದ ಹಾಗೆ, ಭೇಷ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯೋಗಾನರಸಿಂಹನ ಕೈ ತಾನಾಗಿ ಗಂಟಲಿಗೆ ಹೋಯಿತು. ಆದರೆ ಅವನ ಕಡೆ ಯಾರೂ ನೋಡಲಿಲ್ಲ. ಹೆಂಗಸಿನ ದನಿ ಎಂದು ಮಾರ್ಗರೆಟ್ ಹೇಳಿದಳು, ಎಲ್ಲರೂ ಬೆಟ್ಟಮ್ಮನ ಕಡೆ ತಿರುಗಿದರು. ಬೆಟ್ಟಮ್ಮ ಯೋಗಾನರಸಿಂಹನ ಕಡೆ ತಿರುಗಿದಳು. ಒಂದು ಗೇಣು ದೂರದಲ್ಲಿ ಕೂತಿದ್ದವಳು. ‘ನಾನಲ್ಲ ಕಣಪ್ಪ’ ಎಂದು ಜಯಂತನಿಗೆ ಒಂದೇ ಸಲ ಹೇಳಿದಳು. ಅವನು, ಪರವಾಗಿಲ್ಲ ಅಜ್ಜಿ, ಬೇಕೂಂತ ಯಾರು ಮಾಡ್ತಾರೆ ಎಂದು ಬಹಳ ಮೃದುವಾಗಿ ಅಂದ. ಮೃದುವಾಗಿ ಅಂದದ್ದೇ ಹೆಚ್ಚು ಕೆಟ್ಟದ್ದಾಯಿತು.

ಮಾರ್ಗರೆಟ್ ಯೋಗಾನರಸಿಂಹನನ್ನು ಪಕ್ಕಕ್ಕೆ ಕರೆದು, ಆಕೆಗೆ ಬೇಸರವಾಗದ ಹಾಗೆ ನೀವೇ ಹೇಳಿ, ಇನ್ನೊಂದು ಸಲ ಹಾಡುವಾಗ ಹೊರಗಿರಲಿ ಎಂದಳು. ಆಗ ಹೇಳಬಹುದಾಗಿತ್ತು. ಹೇಳಲು ಬಾಯಿ ತೆರೆದ ಕೂಡ. ಆದರೆ ಏನೆಂದು ಹೇಳುವುದು? ಭೇಷ್ ಅಂದವನು ನಾನು ಎಂದರೆ ಮುಗಿಯುತ್ತಿರಲಿಲ್ಲ, ಹಾಗೆ ಅಂದ ದನಿ ಯಾವುದು ಎಂಬಲ್ಲಿಂದ ಶುರುವಾಗುತ್ತಿತ್ತು. ಕಿಟಕಿಯಲ್ಲಿ ಚನ್ನಪ್ಪ ಇದ್ದ. ಚನ್ನಪ್ಪನ ತಮ್ಮನ ಮಗ ದಿಲೀಪ ತನ್ನ ಕ್ಲಾಸಿನಲ್ಲೇ ಮೂರನೆಯ ಬೆಂಚಿನಲ್ಲಿ ಕೂರುವವನು. ಸೋಮವಾರ ಬೋರ್ಡಿನ ಮೇಲೆ ಯೋಗಮ್ಮ ಎಂದು ಬರೆದಿರುತ್ತದೆ. ಇಷ್ಟನ್ನೂ ಅವನ ಮನಸ್ಸು ಒಂದು ಉಸಿರಿನಲ್ಲಿ ಲೆಕ್ಕ ಹಾಕಿತು, ಗದ್ದ ಇಳಿಯಿತು, ಹೊಟ್ಟೆ ಬಿಗಿಯಿತು. ‘ಬೆಟ್ಟಮ್ಮ, ಸ್ವಲ್ಪ ಹೊತ್ತು ನೀವು ಹೊರಗೆ ಕೂತಿರ್ಬೇಕಂತೆ’ ಎಂದ. ತಾನಲ್ಲ, ಅವರು ಹೇಳುತ್ತಿರುವುದು ಅನ್ನುವ ಹಾಗೆ. ಅವಳು ಸೆರಗು ಹೊದ್ದುಕೊಂಡು ಎದ್ದಳು, ಬೆಂಚನ್ನು ಕೈಯಲ್ಲಿ ಒಮ್ಮೆ ಒರೆಸಿ, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡು ಹೋದಳು. ಬೇಲಿಯೇ ಎದ್ದು ಹೊಲ ಮೇಯ್ದು, ಹಸುವಿಗೆ ಕೊರಡು ಕಟ್ಟಿದ ಹಾಗಾಯಿತು.

ಆಮೇಲಿನ ಒಂದು ಗಂಟೆ ಏನೂ ಕೈಗೂಡಲಿಲ್ಲ. ಎರಡನೆಯ ಸಲ ಹಾರ್ಪ್ಸಿಕಾರ್ಡಿನ ತಂತಿ ಬಿಸಿಲಿಗೆ ಶ್ರುತಿ ಬಿಟ್ಟಿತು. ಮೂರನೆಯ ಸಲ ಅರಕಲಗೂಡಿನ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು. ನಾಲ್ಕನೆಯ ಸಲ ಎಲ್ಲ ಸರಿಯಾಗಿತ್ತು, ಆದರೆ ಆ ತಿರುವಿನಲ್ಲಿ ಆಡ್ರಿಯನ್ ಅಂಚಿನವರೆಗೂ ಹೋಗದೆ ಮೊದಲೇ ಹಿಂದಕ್ಕೆ ಬಂದುಬಿಟ್ಟ. ಹೊಸಲು ಎಡವಿದವನು ಆಮೇಲೆ ನೋಡಿ ನೋಡಿ ದಾಟುವುದಿಲ್ಲವೇ, ಹಾಗೆ. ಯೋಗಾನರಸಿಂಹನಿಗೆ ಅದು ಗೊತ್ತಾಯಿತು, ಅಪ್ಪನಿದ್ದಿದ್ದರೆ ಅವನಿಗೂ ಗೊತ್ತಾಗುತ್ತಿತ್ತು. ಆಡ್ರಿಯನ್ ನೀರು ಕುಡಿದು, ಆ ಬೆಂಚಿನಲ್ಲಿ ಆಕೆ ಇಲ್ಲದಿದ್ದರೆ ನನಗೆ ಹಾಡಲಾಗುವುದಿಲ್ಲ ಎಂದ. ಒಂದು ಮಾತು ಆಡಿದರೆ ಆಕಾಶವೇನು ಬೀಳುತ್ತದೆ, ನಮ್ಮ ಊರಲ್ಲಿ ಹಾಡು ಮುಗಿದ ಮೇಲೂ ಯಾರೂ ಹಾಗೆ ಮನಸ್ಸಿನಿಂದ ಒಂದು ಮಾತು ಅಂದದ್ದಿಲ್ಲ ಎಂದೂ ಹೇಳಿದ. ಭೇಷ್ ಎಂದರೆ ಏನರ್ಥ ಎಂದು ಜಯಂತನನ್ನು ಕೇಳಿದ. ಜಯಂತ ಹೇಳಿದಾಗ ಕಿವಿಯವರೆಗೆ ಕೆಂಪಾಗಿ ನಕ್ಕ. ಯೋಗಾನರಸಿಂಹ ಊಟದ ಬಿಡುವಿಗೂ ಕಾಯದೆ ಎದ್ದು ಹೊರಗೆ ಬಂದ.

ಬೆಟ್ಟಮ್ಮ ಹೊಂಗೆ ಮರದ ಕೆಳಗೆ ಮೊರ ಇಟ್ಟುಕೊಂಡು ನೆನೆದ ಅವರೆಕಾಳನ್ನು ಹಿತುಕುತ್ತಿದ್ದಳು. ಒಂದೊಂದು ಕಾಳೂ ಸಿಪ್ಪೆಯಿಂದ ಪಿಚಕ್ಕೆಂದು ಹಾರಿ ಬೋಗುಣಿಗೆ ಬೀಳುತ್ತಿತ್ತು. ಅವನು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ಒಂದು ಹಿಡಿ ಕಾಳು ತೆಗೆದುಕೊಂಡು ತಾನೂ ಹಿತುಕತೊಡಗಿದ. ಎರಡು ಕಾಳು ಅವನ ಕನ್ನಡಕಕ್ಕೆ ಹಾರಿದವು. ಅವರು ಹೋದ ಮೇಲೆ ಈ ಹಾಡುಗಳ ಕ್ಯಾಸೆಟ್ಟು ತರಿಸಿಕೊಡುತ್ತೇನೆ ಎಂದ, ದಪ್ಪ ದನಿಯಲ್ಲೇ. ತನ್ನ ಮನೆಯಲ್ಲಿ ಕ್ಯಾಸೆಟ್ಟು ಹಾಕುವ ಡಬ್ಬ ಎಲ್ಲಿದೆ ಎಂದು ಅವಳು ಕೇಳಿದಳು. ಡಬ್ಬವನ್ನೂ ತಂದುಕೊಡುತ್ತೇನೆ ಎಂದ. ಅವಳು ತಲೆಯೆತ್ತದೆ ಕಾಳು ಹಿತುಕಿದಳು. ಕೊನೆಗೆ, ನಿಮಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು ಅವನೇ ಕೇಳಬೇಕಾಯಿತು.

‘ನಾನ್ಯಾಕೆ ಏಳ್ಲಿ ಮೇಷ್ಟ್ರೆ. ಬಾಯಿ ನಿಮ್ದಲ್ವಾ, ನೀವೇ ಏಳ್ತೀರಿ ಅಂತ ಕಾಯ್ತಾ ಇದ್ದೆ. ನೀವು ನೋಡುದ್ರೆ ನನ್ನೇ ಎಬ್ಬುಸ್ಬುಟ್ರಿ.’

ಅವನು ತಲೆ ತಗ್ಗಿಸಿದ. ತಪ್ಪಾಯಿತು ಎಂದ. ಅವಳು ಒಂದು ಕಾಳು ಹಿತುಕಿ, ಅದು ಸರಿಯಾಗಿ ಬೋಗುಣಿಗೆ ಬಿತ್ತೋ ಇಲ್ಲವೋ ನೋಡಿ, ಅವನ ಮುಖ ನೋಡಿದಳು. ಸಿಟ್ಟಿತ್ತು, ಆದರೆ ಅದರ ಹಿಂದೆ ಎಲ್ಲೋ ನಗುವೂ ಇತ್ತು.

‘ಮೂರು ದಿನದಿಂದ ಎಷ್ಟೊಂದು ಮಾತಾಡುದ್ರಿ. ಚನ್ನಪ್ಪಂಗೆ ಬೈದ್ರಿ, ಕಾಗೆಗೆ ಬೈದ್ರಿ. ಎಲ್ಲಾ ಯಾರ್ದೋ ಮಾತು ಇದ್ದಂಗಿತ್ತು. ಅದೊಂದೇ ಕಣಿ ನಿಮ್ದು ಅನ್ನಂಗಿದ್ದುದ್ದು. ಅದುನ್ನ ನನ್ ತಲೆಗೆ ಕಟ್ಬುಟ್ರಲ್ಲ.’

ಅಷ್ಟು ಹೇಳಿ ಅವಳು ಮೊರ ಎತ್ತಿಕೊಂಡು ಒಲೆಯ ಕಡೆ ಹೋದಳು, ಬಿಳಿಯರಿಗೆ ಕಾಫಿಯ ಹೊತ್ತಾಗಿತ್ತು. ಯೋಗಾನರಸಿಂಹ ಎದ್ದು, ಮಂಡಿ ಹಿಡಿದು, ಧೂಳು ಕೊಡವಿಕೊಂಡು ಚರ್ಚಿನೊಳಕ್ಕೆ ನಡೆದ. ನಡೆಯುತ್ತಿದ್ದಾಗ ವಾಕ್ಯವನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡ. ಇಪ್ಪತ್ತೆರಡು ವರ್ಷ ಪಾಠ ಹೇಳಿದ ಭಾಷೆ, ಅದರಲ್ಲಿ ಒಪ್ಪಿಕೊಂಡರೆ ಅರ್ಧ ಬೇರೆ ಯಾರೋ ಒಪ್ಪಿಕೊಂಡ ಹಾಗಿರುತ್ತದೆ ಅನ್ನಿಸಿತು. ಎಲ್ಲರ ನಡುವೆ ನಿಂತು, ಗದ್ದ ಇಳಿಸಿ, ಆ ವೃದ್ಧೆಯ ತಪ್ಪಿಲ್ಲ, ಆ ದನಿ ನನ್ನದು, ದಯವಿಟ್ಟು ಕ್ಷಮಿಸಬೇಕು ಎಂದು ಕಂಚಿನ ದನಿಯಲ್ಲಿ ಹೇಳಿದ.

ಯಾರೂ ನಂಬಲಿಲ್ಲ. ಮಾರ್ಗರೆಟ್ ಬಂದು ಅವನ ಎರಡೂ ಕೈ ಹಿಡಿದುಕೊಂಡು, ಒಬ್ಬ ಬಡ ಮುದುಕಿಯ ಮಾನ ಉಳಿಸಲು ತನ್ನ ಮೇಲೆ ಹಾಕಿಕೊಳ್ಳುವ ಇಂಥ ಸಜ್ಜನರನ್ನು ನಾನು ನೋಡಿಲ್ಲ ಎಂದಳು. ಉಳಿದವರು ತಲೆದೂಗಿದರು. ಜಯಂತನ ಕಣ್ಣಲ್ಲಿ ನೀರೇ ಬಂದಿತ್ತು. ‘ಸಾರ್, ಸುಮ್ನಿರಿ ಸಾರ್. ಅದು ಹೆಂಗಸ್ರ ದನಿ ಅಂತ ಮಗೂಗೂ ಗೊತ್ತಾಗತ್ತೆ. ಮೂರು ವರ್ಷ ನಿಮ್ಮ ಕ್ಲಾಸಲ್ಲಿ ಕೂತಿದ್ದೀನಿ, ನಿಮ್ಮ ದನಿ ನಂಗೊತ್ತಿಲ್ವಾ?’ ಎಂದ. ಆ ದನಿಯನ್ನು ಕಟ್ಟಿದ್ದು ಎಷ್ಟು ಗಟ್ಟಿಯಾಗಿದೆಯೆಂದರೆ ಈಗ ಕಟ್ಟಿದವನೇ ಗುದ್ದಿದರೂ ಒಂದು ಚಕ್ಕೆ ಏಳುತ್ತಿಲ್ಲ. ಯೋಗಾನರಸಿಂಹನಿಗೆ ನಗು ಬರುವಂತಾಯಿತು. ಅದರ ಹಿಂದೆಯೇ ಒಂದು ಹಾಯಾದ ಯೋಚನೆಯೂ ಬಂತು. ನಾನು ಹೇಳಿದ್ದಾಯಿತು. ಸತ್ಯವನ್ನೇ ಹೇಳಿದೆ, ನಂಬದಿದ್ದರೆ ನಾನೇನು ಮಾಡಲಿ? ಪಾಪವೂ ಕಳೆಯಿತು, ಮಾನವೂ ಉಳಿಯಿತು, ಮೇಲೆ ಸಜ್ಜನನೆಂಬ ಹೆಸರು ಬೇರೆ. ಇಂಥ ಅದೃಷ್ಟ ಎಷ್ಟು ಜನಕ್ಕೆ ಸಿಗುತ್ತದೆ? ಮಾರ್ಗರೆಟ್‌ಳ ಕೈ ಬೆಚ್ಚಗಿತ್ತು. ಅವನು ಸಣ್ಣಗೆ ತಲೆಬಾಗಿಸಿ, ಹೊಗಳಿಕೆಯನ್ನು ಒಪ್ಪಿಕೊಂಡು, ಕೂರಲು ಹೊರಟ.

ಬಾಗಿಲಲ್ಲಿ ಬೆಟ್ಟಮ್ಮ ತಟ್ಟೆಯಲ್ಲಿ ಕಾಫಿ ಲೋಟಗಳನ್ನು ಇಟ್ಟುಕೊಂಡು ನಿಂತಿದ್ದಳು. ಆಡಿದ ಮಾತು ಅವಳಿಗೆ ಒಂದೂ ತಿಳಿದಿರಲಿಲ್ಲ, ಆದರೆ ಕೈ ಹಿಡಿದದ್ದು, ತಲೆದೂಗಿದ್ದು, ತನ್ನ ಕಡೆ ಎಲ್ಲರೂ ಕನಿಕರದಿಂದ ನೋಡುತ್ತಿರುವುದು, ಎಲ್ಲ ತಿಳಿದಿತ್ತು. ಅವಳು ಹೊಸಲು ದಾಟಲಿಲ್ಲ. ತಟ್ಟೆಯನ್ನು ಬಾಗಿಲ ಪ‌ಕ್ಕದ ಕಲ್ಲಿನ ಮೇಲಿಟ್ಟು, ಯಾರನ್ನೂ ನೋಡದೆ, ತಿರುಗಿದಳು.

‘ಬೆಟ್ಟಮ್ಮ, ಹೋಗ್ಬೇಡಿ.’

ಗದ್ದ ಇಳಿಸಲು ಪುರುಸೊತ್ತಿರಲಿಲ್ಲ. ದನಿ ಸೀದಾ ಮೇಲಕ್ಕೆ ಹೋಯಿತು, ಕಲ್ಲಿನ ಚಾವಣಿಯನ್ನು ಮುಟ್ಟಿ ಅಲ್ಲೇ ಸುತ್ತಿತು. ಮೂವತ್ತು ವರ್ಷದಿಂದ ಇಷ್ಟು ಜಾಗದಲ್ಲಿ ಅದು ಓಡಾಡಿರಲಿಲ್ಲ. ಯಾರು ಕೂಗಿದ್ದೆಂದು ಅವನಿಗೇ ಒಂದು ಗಳಿಗೆ ಅನುಮಾನವಾಗಿ, ಆಮೇಲೆ ಅನುಮಾನ ಹೋಯಿತು. ಇನ್ನು ಅರ್ಧಕ್ಕೆ ನಿಲ್ಲಿಸುವುದರಲ್ಲಿ ಅರ್ಥವಿರಲಿಲ್ಲ.

‘ಭೇಷ್ ಅಂದಿದ್ದು ನಾನು. ನಿಮ್ಮನ್ನ ಎಬ್ಬಿಸಿ ಕಳಿಸಿದ್ದೂ ನಾನೇ. ನಂದು ತಪ್ಪಾಯ್ತು. ಒಳಗೆ ಬನ್ನಿ, ಬಂದು ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ.’

ಒಳಗೆ ಮೂರು ಸೆಕೆಂಡು ಅವನ ಮಾತೇ ಇತ್ತು. ಜಯಂತನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಮಾರ್ಗರೆಟ್ ಒಂದು ಹೆಜ್ಜೆ ಹಿಂದೆ ಸರಿದಳು. ಕಿಟಕಿಯಲ್ಲಿ ಚನ್ನಪ್ಪ ಕಿಸಕ್ಕೆಂದ, ಖಂಡಿತ ಕಿಸಕ್ಕೆಂದ. ಅದು ಬಂದು ಬೆನ್ನಿಗೆ ತಾಗುತ್ತದೆಂದು ಯೋಗಾನರಸಿಂಹ ಕಾದ. ತಾಗಿತು. ಇಷ್ಟೇನೇ ಅನ್ನಿಸಿತು. ಹಾರ್ಪ್ಸಿಕಾರ್ಡಿಗೊರಗಿ ಕೂತಿದ್ದ ಆಡ್ರಿಯನ್ ಮಾತ್ರ ಎದ್ದು ನಿಂತಿದ್ದ. ದೂರದ ಸಂತೆಯಲ್ಲಿ ತನ್ನ ಊರಿನ ಮಾತು ಕಿವಿಗೆ ಬಿದ್ದವನ ಹಾಗೆ ಅವನ ಮುಖ ಅರಳಿತ್ತು. ಅವನು ಏನನ್ನೂ ಕೇಳಲಿಲ್ಲ. ಹೋಗಿ ಕಲ್ಲಿನ ಮೇಲಿದ್ದ ತಟ್ಟೆಯನ್ನು ತಾನೇ ಎತ್ತಿಕೊಂಡು ಬಂದು, ಮೊದಲ ಲೋಟವನ್ನು ಯೋಗಾನರಸಿಂಹನಿಗೆ ಕೊಟ್ಟ. ಕಾಫಿ ಸುಡುತ್ತಿತ್ತು, ಗಂಟಲಿಗೆ ಬಹಳ ಒಳ್ಳೆಯದೆನ್ನಿಸಿತು.

ಬೆಟ್ಟಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದಳು. ಕೈಯಲ್ಲಿ ಅಂಟಿದ್ದ ಅವರೆಸಿಪ್ಪೆಯನ್ನು ಸೆರಗಿಗೆ ಒರೆಸಿಕೊಂಡು, ಹಿಂದಿನ ಬೆಂಚನ್ನು ಬಿಟ್ಟು, ಮೂರು ದಿನದಲ್ಲಿ ಮೊದಲ ಸಲ ಮುಂದಿನ ಬೆಂಚಿಗೇ ಹೋಗಿ ಮಟ್ಟಸವಾಗಿ ಕೂತಳು. ಜಯಂತ ಅವಳ ಹತ್ತಿರ ಏನೋ ಹೇಳಲು ಹೋದ, ಅವಳು ಕೈಸನ್ನೆಯಲ್ಲೇ ಆಯ್ತು ಆಯ್ತು ಹೋಗಪ್ಪ ಎಂದು ಕಳಿಸಿದಳು. ಅವನು ಕೋಣೆಗೆ ಓಡಿದ. ದೊಡ್ಡ ಪಿಟೀಲಿನವನು ಶ್ರುತಿ ನೋಡಿಕೊಂಡ. ಯೋಗಾನರಸಿಂಹ ಎಂದಿನ ಹಾಗೆ ಹಿಂದಿನ ಬೆಂಚಿಗೆ ಹೋಗಬೇಕೋ, ಹೊರಗೇ ಹೋಗಬೇಕೋ, ಇನ್‌ಚಾರ್ಜಿನ ಕೆಲಸ ಇನ್ನೂ ತನಗಿದೆಯೋ ಇಲ್ಲವೋ ತಿಳಿಯದೆ ಖಾಲಿ ಲೋಟ ಹಿಡಿದು ನಡುವೆ ನಿಂತಿದ್ದ. ಬೆಟ್ಟಮ್ಮ ಪಕ್ಕದ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದಳು.

‘ಬನ್ನಿ ಮೇಷ್ಟ್ರೆ, ಇಲ್ಲಿ ಕೂತ್ಕಳಿ. ಅವ್ನು ಅಲ್ಲಿಗೆ ಬತ್ತಿದ್ದಂಗೆ ನಾನೇ ನಿಮ್ ಬಾಯಿ ಮುಚ್ತೀನಿ.’

ಅವನು ಹೋಗಿ ಕೂತ. ಕೆಂಪು ಬಲ್ಬು ಹತ್ತಿತು. ದೊಡ್ಡ ಪಿಟೀಲು ಹೆಜ್ಜೆ ಹಾಕತೊಡಗಿತು, ಆಡ್ರಿಯನ್ ಅವರಿಬ್ಬರ ಮುಖವನ್ನು ನೋಡುತ್ತ ಉಸಿರು ತೆಗೆದುಕೊಂಡ. ಆ ತಿರುವು ಹತ್ತಿರವಾದಾಗ ಬೆಟ್ಟಮ್ಮನ ಒರಟು ಅಂಗೈ, ಹಸಿ ಅವರೆಯ ಸೊಗಡಿನ ಸಮೇತ, ಅವನ ಬಾಯಿಯ ಮೇಲೆ ಬಂದು ಬಿಗಿಯಾಗಿ ಕೂತಿತು. ಅದರ ಹಿಂದೆ ಅವನ ತುಟಿ ಆಡಿದ್ದು ಅವಳ ಕೈಗೆ ಮಾತ್ರ ತಿಳಿಯಿತು.